ಚಾರಣ ಯಾರದು, ಅತಿಕ್ರಮಣ ಯಾರದು?

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಕೊಳ್ಳೇಗಾಲದ ರಸ್ತೆಯಲ್ಲಿ ಎರಡು ತರದ ಗಾಡಿ ಕಾಣುತ್ತವೆ. ಒಂದು, ಬೆಂಗಳೂರಿನಿಂದ ಬಂದ ಕಾರು, ಟೆಂಪೊ ಟ್ರಾವೆಲರು. ಒಳಗೆ ಕೂತವರ ಕಾಲಲ್ಲಿ ಸಾವಿರಾರು ರೂಪಾಯಿನ ಬೂಟು, ಬೆನ್ನಿಗೆ ಚೀಲ, ತಲೆಗೆ ಟೋಪಿ. ಬೆಟ್ಟ ಹತ್ತೋಕೆ ಹೊರಟವರು. ಇನ್ನೊಂದು, ನಮ್ಮ ಕೇರಿಯ ಹೆಣ್ಣಾಳು ಗಂಡಾಳುಗಳನ್ನ ಕುರಿ ತುಂಬಿದ ಹಾಗೆ ತುಂಬಿಕೊಂಡ ಗೂಡ್ಸ್ ಆಟೊ. ಕಬ್ಬು ಕಡಿಯೋಕೆ, ಅರಿಶಿನ ಕೀಳೋಕೆ, ಕರಿಕಲ್ಲಿನ ಕ್ವಾರಿಗೆ ಹೊರಟವರು. ಕಾರು ಹಾರನ್ ಹೊಡೆದು ಆಟೊವನ್ನು ಹಿಂದಕ್ಕೆ ಹಾಕಿ ಹೋಗುತ್ತದೆ. ಒಂದಷ್ಟು ಹನೂರಿನ ಮೇಲೆ ಮಾದಪ್ಪನ ಬೆಟ್ಟ, ನಾಗಮಲೆ, ಹೊಗೇನಕಲ್ಲಿಗೆ, ಒಂದಷ್ಟು ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ, ಇನ್ನೊಂದಷ್ಟು ಭರಚುಕ್ಕಿಗೆ. ಸಂಜೆಗೆ ವಾಪಸ್ಸು. ಇದಕ್ಕೆ ಈಗ ಚಾರಣ ಅಂತ ಹೆಸರು. ಒಂದು ದಿನದ ಚಾರಣ.

ಊರಿಗೆ ಹೋದ ಮೇಲೆ ಅವರು ಬರೆಯುತ್ತಾರೆ: "ಯಾರಿಗೂ ಗೊತ್ತಿಲ್ಲದ ಜಾಗ. ಯಾರೂ ತುಳಿಯದ ದಾರಿ. ನಾವು ಪತ್ತೆ ಹಚ್ಚಿದ ಜಲಪಾತ."

ಈ ಮಾತಿನ ಮೇಲೆ ನಮ್ಮ ತಕರಾರು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಕೇರಿಗಳಲ್ಲಿ ಹುಟ್ಟಿ, ಮನೆತನದಲ್ಲಿ ಮೊದಲ ಸಲ ಡಿಗ್ರಿ ಕಾಗದ ಹಿಡಿದವರು ನಾವು. ಕಾಗದ ಕೈಗೆ ಬಂದ ಮೇಲೆ ಕಾಗದದ ಭಾಷೆ ಓದೋಕೆ ಕಲಿತಿದ್ದೇವೆ. "ಯಾರಿಗೂ ಗೊತ್ತಿಲ್ಲದ" ಅಂದರೆ ಏನರ್ಥ? ಆ ದಾರಿಯಲ್ಲಿ ಸೌದೆ ಹೊತ್ತು ಬೆನ್ನು ಬಾಗಿಸಿಕೊಂಡ ನಮ್ಮವ್ವ ಯಾರೂ ಅಲ್ಲ. ಆ ಬಂಡೆಯ ಮೇಲೆ ಹೆಜ್ಜೇನು ಕಿತ್ತ ಸೋಲಿಗರ ತಾತ ಯಾರೂ ಅಲ್ಲ. ಆ ಹೊಳೆಯಲ್ಲಿ ತೆಪ್ಪ ಹಾಕಿದವನು ಯಾರೂ ಅಲ್ಲ. ಮನುಷ್ಯರ ಲೆಕ್ಕಕ್ಕೆ ಸೇರಿಸದೆ ಬಿಟ್ಟವರನ್ನು ಕಂಡೂ ಕಾಣದ ಹಾಗೆ ದಾಟಿ ಹೋಗುವ ಹಳೇ ವಿದ್ಯೆ ಇದು. ಊರಿನ ಬೀದಿಯಲ್ಲಿ ನಮ್ಮನ್ನು ಹೀಗೇ ದಾಟುತ್ತಿದ್ದರು. ಈಗ ಬೆಟ್ಟದಲ್ಲೂ ದಾಟುತ್ತಿದ್ದಾರೆ.

ಗೊತ್ತಿಲ್ಲದ ಜಾಗಕ್ಕೆ ಹೆಸರಿರುವುದಿಲ್ಲ. ಇಲ್ಲಿ ಹೆಸರಿಲ್ಲದ ಗುಡ್ಡ ಒಂದನ್ನ ತೋರಿಸಿ ನೋಡೋಣ. ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ. ಎಪ್ಪತ್ತೇಳು ಮಲೆ ಅಂತ ಮಾದಪ್ಪನ ಗುಡ್ಡರು ಕಂಸಾಳೆ ಬಡಿದು ರಾತ್ರಿಯಿಡೀ ಹಾಡುತ್ತಾರೆ. ಅಕ್ಷರ ಬರದವರ ಬಾಯಲ್ಲಿ ಒಂದು ಸೀಮೆಯ ನಕ್ಷೆ ಉಳಿದಿದೆ. ಬಿಳಿಗಿರಿಯ ಸೋಲಿಗರು ಕಾಡನ್ನು ಎಲ್ಲೆ ಎಲ್ಲೆಯಾಗಿ ಹಂಚಿಕೊಂಡು ಬಾಳಿದವರು. ಒಂದೊಂದು ಎಲ್ಲೆಗೂ ಅದರದೇ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಕಲ್ಲುಗುಡಿ ಅಂದರೆ ಸತ್ತ ಹಿರೀಕರ ಕಲ್ಲು. ಅಬ್ಬಿ ಅಂದರೆ ನೀರಿನ ತಾವು. ಈಚೆಗೆ ಸೋಲಿಗರೂ ಸಂಶೋಧಕರೂ ಕೂಡಿ ಇಂಥ ನೂರಾರು ತಾವುಗಳನ್ನು ನಕ್ಷೆಗೆ ಹಾಕಿದ್ದಾರೆ. ನೀವು ಫಾಲ್ಸ್ ಅಂತ ಬಟ್ಟೆ ಬಿಚ್ಚಿ ಧುಮುಕುವ ಜಾಗ ಅವರಿಗೆ ಕೈಮುಗಿಯುವ ಅಬ್ಬಿ. ನೀವು ಕೂತು ಬಿಸ್ಕತ್ತು ತಿನ್ನುವ ಕಲ್ಲು ಅವರ ಮುತ್ತಜ್ಜನದು. ಇಂಥಾದ್ದನ್ನ ಪತ್ತೆ ಹಚ್ಚಿದೆವು ಅನ್ನುವವರು ನಮ್ಮ ಅಡಿಗೆಮನೆಗೆ ನುಗ್ಗಿ ಒಲೆಯನ್ನೂ ಪತ್ತೆ ಹಚ್ಚುತ್ತಾರೆ!

ಈಗ ಮುಖ್ಯ ಮಾತಿಗೆ ಬರೋಣ. ಒಂದೇ ದಾರಿ. ಒಂದೇ ಬೆಟ್ಟ. ಪಟ್ಟಣದವನು ದುಡ್ಡು ಕಟ್ಟಿ ನಡೆದರೆ ಅದು ಚಾರಣ. ಸೋಲಿಗ ಜೇನಿಗೆ, ನೆಲ್ಲಿಕಾಯಿಗೆ, ಪಾಚಿಗೆ ನಡೆದರೆ ಅದು ಅತಿಕ್ರಮ ಪ್ರವೇಶ. ನಮ್ಮವ್ವ ಒಣಸೌದೆಗೆ ನಡೆದರೆ ಅದು ಕಳ್ಳತನ. ಅವಳ ಕುಡುಗೋಲು ಕಸಿದು, ಹೊರೆ ಇಳಿಸಿ, ಹಗ್ಗ ಕತ್ತರಿಸಿ, ಬಾಯಿಗೆ ಬಂದ ಹಾಗೆ ಬಯ್ದು ಕಳಿಸಿದ ಗಾರ್ಡುಗಳ ಕತೆ ನಮ್ಮ ಕೇರಿಯ ಒಂದೊಂದು ಮನೆಯಲ್ಲೂ ಇದೆ. "ಕಾಡು ನಿಮ್ಮಪ್ಪಂದಾ?" ಅನ್ನುವ ಪ್ರಶ್ನೆ ಬೂಟು ಹಾಕಿದವರಿಗೆ ಯಾರೂ ಕೇಳೋದಿಲ್ಲ. ಬರಿಗಾಲಿಗೇ ಕೇಳುತ್ತಾರೆ.

ಇದು ಯಾವನೋ ಒಬ್ಬ ಗಾರ್ಡಿನ ಕೆಟ್ಟತನ ಅಂತ ತಿಳಿದರೆ ತಪ್ಪಾದೀತು. ಇದರ ಬೇರು ಕಾನೂನಿನಲ್ಲಿದೆ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯ ಆಯಿತು. ಆಗ ಕಾಡೊಳಗಿನ ಪೋಡುಗಳನ್ನು ಎಬ್ಬಿಸಿ ರಸ್ತೆ ಬದಿಗೆ ತಂದರು. ಬೆಟ್ಟದ ಓರೆಯಲ್ಲಿ ರಾಗಿ, ಜೋಳ ಬಿತ್ತಿ ಜಾಗ ಬದಲಿಸುತ್ತಾ ಬಾಳಿದವರ ಬೇಸಾಯ ನಿಂತಿತು. ಕಾಡಿನ ಹುಟ್ಟುವಳಿ ತಂದು ಲ್ಯಾಂಪ್ಸ್ ಸೊಸೈಟಿಗೆ ಹಾಕಿ ಹೊಟ್ಟೆ ಹೊರೆಯುತ್ತಿದ್ದರು. 2006ರ ಹೊತ್ತಿಗೆ ಅದನ್ನೂ ನಿಲ್ಲಿಸಿದರು. 2011ರ ಜನವರಿಯಲ್ಲಿ ಇದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಆ ಕಡೆ ಕಾವೇರಿ ವನ್ಯಧಾಮ 1987ರಲ್ಲಿ, ಮಲೆ ಮಹದೇಶ್ವರ ವನ್ಯಧಾಮ 2013ರಲ್ಲಿ. ಒಂದೊಂದು ಹೆಸರು ಬದಲಾದಾಗಲೂ ಒಂದೊಂದು ಗೇಟು ಬಿತ್ತು. ಗೇಟು ಬಿದ್ದದ್ದು ಒಳಗಿದ್ದವರಿಗೆ. ಹೊರಗಿಂದ ಬರುವವರಿಗೆ ಜೀಪು ಹೋಗುವಷ್ಟು ತೆರೆದೇ ಇತ್ತು.

ಕೆ. ಗುಡಿ ಅನ್ನುತ್ತಾರಲ್ಲ, ಸಫಾರಿ ಹೊರಡುವ ಜಾಗ. ಅದರ ಪೂರ್ತಿ ಹೆಸರು ಕ್ಯಾತೆದೇವರ ಗುಡಿ. ಕ್ಯಾತೆದೇವರು ಸೋಲಿಗರ ದೇವರು. ಮೈಸೂರಿನ ಮಹಾರಾಜರ ಕಾಲದಲ್ಲಿ ಅಲ್ಲಿ ಬೇಟೆಯ ಬಿಡಾರ ಬಿತ್ತು. ಆಮೇಲೆ ಅದೇ ತಾವಿನಲ್ಲಿ ಸರ್ಕಾರದ ಪ್ರವಾಸಿ ಬಿಡಾರ ಬಂತು. ರಾಜ ಹೋದ, ಪ್ರವಾಸಿ ಬಂದ, ಕೋವಿ ಹೋಯಿತು, ಕ್ಯಾಮೆರಾ ಬಂತು. ದೇವರ ಹೆಸರು ಮಾತ್ರ ಒಂದೇ ಅಕ್ಷರಕ್ಕೆ ಕುಗ್ಗಿತು.

ಈ ನಾಡಿನ ದೇವರುಗಳಾದರೂ ಎಂಥವರು? ನಡೆಯುವ ದೇವರುಗಳು. ಬಿಳಿಗಿರಿರಂಗ ಸೋಲಿಗರ ಕುಸುಮಾಲೆಯನ್ನು ಕಟ್ಟಿಕೊಂಡವನು; ಅದಕ್ಕೇ ಸೋಲಿಗರು ಅವನನ್ನು ಭಾವ ಅನ್ನುತ್ತಾರೆ. ಆ ಭಾವ ಕಾಡು ಮೇಡು ಸುತ್ತಿ ಸುತ್ತಿ ಕೆರ ಸವೆಸುತ್ತಾನಂತೆ. ಸವೆದ ಕೆರದ ಬದಲಿಗೆ ಎರಡು ವರ್ಷಕ್ಕೊಮ್ಮೆ ದೊಡ್ಡ ಚಮ್ಮಾವುಗೆ ಹೊಲಿದು ಒಪ್ಪಿಸುವವರು ಬೂದಿತಿಟ್ಟಿನ ಚರ್ಮ ಹದ ಮಾಡುವ ಕುಲದವರು. ಮಾದಪ್ಪನ ಕತೆಯಲ್ಲೂ ದೇವರುಗಳನ್ನೇ ಸೆರೆಯಿಟ್ಟ ಶ್ರವಣನನ್ನು ಮುಗಿಸಲು ಹರಳಯ್ಯನ ಕೈಯ ಕೆರವೇ ಬೇಕಾಯಿತು. ದೇವರು ನಡೆಯಲು ನಮ್ಮ ಕೈಯ ಕೆರ ಬೇಕು. ಆ ಚಮ್ಮಾವುಗೆಯನ್ನು ತಲೆಗೆ ಮುಟ್ಟಿಸಿಕೊಂಡು ಪುನೀತರಾಗುವವರಿಗೆ ಅದನ್ನು ಹೊಲಿದ ಕೈ ಮುಟ್ಟಬಾರದು! ನಮ್ಮ ತಾತಂದಿರು ಮೇಲಿನ ಬೀದಿ ದಾಟುವಾಗ ಕಾಲಿನ ಎಕ್ಕಡವನ್ನು ಕಂಕುಳಲ್ಲಿ ಹಿಡಿದು ದಾಟಿದರು. ಕೆರ ಹೊಲಿದವನು ಕೆರ ಮೆಟ್ಟಿ ನಡೆಯಬಾರದಾದ ದೇಶದಲ್ಲಿ ನಡಿಗೆ ಅನ್ನೋದು ಬರೀ ಕಾಲಿನ ಕೆಲಸ ಅಲ್ಲ, ಗೆಳೆಯರೆ. ಯಾರು ಎಲ್ಲಿ, ಏನು ಮೆಟ್ಟಿಕೊಂಡು, ಯಾವಾಗ ನಡೆಯಬಹುದು ಅನ್ನುವುದರಲ್ಲೇ ಜಾತಿ ಕೂತಿದೆ.

ಜಲಪಾತದ ಮಾತಿಗೆ ಬರೋಣ. ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಬೀಳುತ್ತಾಳೆ. ಗಗನಚುಕ್ಕಿ ಮಳವಳ್ಳಿ ಕಡೆಗೆ, ಭರಚುಕ್ಕಿ ನಮ್ಮ ಕೊಳ್ಳೇಗಾಲದ ಕಡೆಗೆ. ಮಳೆಗಾಲದಲ್ಲಿ ಸರ್ಕಾರ ಜಲಪಾತೋತ್ಸವ ಮಾಡಿ ಬಣ್ಣದ ದೀಪ ಬಿಟ್ಟದ್ದನ್ನೂ ನಾವು ನೋಡಿದ್ದೇವೆ. ಆ ದೀಪದ ಕತೆಯನ್ನು ಶಾಲೆಯ ಪುಸ್ತಕ ಅರ್ಧ ಹೇಳುತ್ತದೆ. 1902ರಲ್ಲಿ ಇಲ್ಲಿ ಹುಟ್ಟಿದ ಕರೆಂಟು ತೊಂಬತ್ತು ಮೈಲಿಗೂ ಹೆಚ್ಚು ದೂರ ತಂತಿಯ ಮೇಲೆ ಹೋಗಿ ಕೋಲಾರದ ಚಿನ್ನದ ಗಣಿಗೆ ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಕೊಟ್ಟಿತು. ನೀರು ಬೀಳುವ ಸದ್ದು ಕೇಳುತ್ತಾ ಮಲಗಿದ ಸುತ್ತಿನ ಕೇರಿಗಳಲ್ಲಿ ಸೀಮೆಎಣ್ಣೆಯ ಬುಡ್ಡಿ ಆಮೇಲೂ ಎಷ್ಟೋ ಕಾಲ ಹೊಗೆಯಾಡಿತು. ಗಣಿಯ ಹೊಟ್ಟೆಯೊಳಗೆ ಇಳಿದವರು ಯಾರು? ತಮಿಳು ಸೀಮೆಯಿಂದ ಕೂಲಿಗೆ ಬಂದವರು, ಅವರಲ್ಲಿ ಹೆಚ್ಚಿನವರು ನಮ್ಮ ಹಾಗೆ ಊರ ಹೊರಗಿನವರು. ನಮ್ಮ ಕಡೆಯ ನೀರು, ಅವರ ಮೈಯ ಬೆವರು, ಚಿನ್ನ ಮಾತ್ರ ಕಂಪನಿಗೆ. ಭರಚುಕ್ಕಿಯ ಮೆಟ್ಟಿಲ ಮೇಲೆ ನಿಂತು ಫೋಟೊ ಹಿಡಿಯುವ ವಿದ್ಯಾರ್ಥಿಗಳಿಗೆ ಮೇಷ್ಟರುಗಳು ಇದನ್ನೂ ಹೇಳಲಿ.

ಇನ್ನು ಗೋಪಿನಾಥಂ. ವೀರಪ್ಪನ್ ಹುಟ್ಟಿದ ಊರು, ಈಗ ಹನೂರು ತಾಲೂಕು. ಅವನನ್ನು ನಾವು ವೀರ ಅನ್ನುವವರಲ್ಲ. ಅವನ ಗುಂಡಿಗೆ, ಅವನ ನೆಲಬಾಂಬಿಗೆ ಸತ್ತವರಲ್ಲಿ ಬಡವರ ಮಕ್ಕಳೇ ಹೆಚ್ಚು. ಆದರೆ ಅವನನ್ನು ಹಿಡಿಯುವ ಹೆಸರಲ್ಲಿ ಮಾದಪ್ಪನ ಬೆಟ್ಟದ ಸುತ್ತ ನಡೆದದ್ದೇನು? ವರ್ಕ್‌ಶಾಪ್ ಅಂತ ಒಂದು ಜಾಗ ಇತ್ತು. ಅಲ್ಲಿಗೆ ಎಳೆದೊಯ್ದು ಸೋಲಿಗರಿಗೆ, ಕಾಡಂಚಿನ ಕೂಲಿಗಳಿಗೆ ಕೊಟ್ಟ ಕರೆಂಟಿನ ಹಿಂಸೆ, ಹೆಂಗಸರ ಮೇಲಿನ ಅತ್ಯಾಚಾರದ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಕೇಳಿತು. 2007ರಲ್ಲಿ ಆಯೋಗ 89 ಮಂದಿಗೆ ಪರಿಹಾರ ಕೊಡಬೇಕೆಂದಿತು. ವೀರಪ್ಪನ್ 2004ರ ಅಕ್ಟೋಬರ್ 18ರಂದು ಸತ್ತ. ಆಮೇಲೆ ಗೋಪಿನಾಥಂನಲ್ಲಿ ಸರ್ಕಾರದ್ದೇ ಪ್ರವಾಸಿ ಬಿಡಾರ ಎದ್ದಿತು. ಹೆಸರೇನು ಗೊತ್ತೆ? ಮಿಸ್ಟರಿ ಟ್ರೇಲ್ಸ್. ನಿಗೂಢ ಹಾದಿಗಳಂತೆ! ಏನು ಸ್ವಾಮಿ ನಿಗೂಢ? ಯಾರು ಯಾರನ್ನ ಎಲ್ಲಿಗೆ ಎಳೆದೊಯ್ದರು ಅನ್ನೋದು ಇಲ್ಲಿನ ಹೆಂಗಸರಿಗೆ ಗೊತ್ತು. ಅವರ ಹೇಳಿಕೆ ಕಡತದಲ್ಲಿದೆ. ನಮ್ಮವರ ನೋವು ಅವರಿಗೆ ರಾತ್ರಿ ಬೆಂಕಿಯ ಸುತ್ತ ಕೂತು ಕೇಳುವ ರೋಮಾಂಚನದ ಕತೆ.

ಮಾದಪ್ಪನ ಬೆಟ್ಟದಿಂದ ನಾಗಮಲೆಗೆ ಹೋಗುವ ದಾರಿ ಚಾರಣಿಗರಿಗೆ ಬಲು ಇಷ್ಟ. ಆ ದಾರಿಯಲ್ಲಿ ಇಂಡಿಗನತ್ತ ಅನ್ನುವ ಊರು ಸಿಗುತ್ತದೆ. ಕಲ್ಲು ಮುಳ್ಳಿನ ಆ ದಾರಿ ಬಂದವರಿಗೆ ಸಾಹಸ. ಆದರೆ ಇಂಡಿಗನತ್ತ, ಪಡಸಲನತ್ತ, ದೊಡ್ಡಾಣೆ, ತುಳಸಿಕೆರೆಯಂಥ ಊರುಗಳಲ್ಲಿ ಬಸುರಿಯನ್ನೂ ರೋಗಿಯನ್ನೂ ಬಟ್ಟೆ ಕಟ್ಟಿ ಡೋಲಿಯಲ್ಲಿ ಹೊತ್ತು ತಂದವರಿಗೆ ಅದೇ ದಾರಿ ಸಾಹಸ ಅಲ್ಲ, ಶಿಕ್ಷೆ. 2024ರ ಏಪ್ರಿಲ್ 26, ಲೋಕಸಭೆ ಚುನಾವಣೆ. ರಸ್ತೆ ಇಲ್ಲ, ನೀರಿಲ್ಲ, ಓಟು ಹಾಕಲ್ಲ ಅಂತ ಇಂಡಿಗನತ್ತದವರು ಕೂತರು. ಕೂತವರನ್ನು ಒಲಿಸಿ ಬೂತಿಗೆ ತರುವ ಯತ್ನ ಗಲಭೆಗೆ ತಿರುಗಿ ಮತಗಟ್ಟೆ, ಮತಯಂತ್ರ ಪುಡಿಯಾದವು. ಏಪ್ರಿಲ್ 29ಕ್ಕೆ ಮರುಮತದಾನ ಆಯಿತು. ಮತಯಂತ್ರ ಒಡೆದದ್ದನ್ನು ನಾವು ಮೆಚ್ಚುವುದಿಲ್ಲ. ಬಾಬಾಸಾಹೇಬರು ಕೊಡಿಸಿದ ಓಟು ಅದು. ಆದರೆ ಕೇಳುತ್ತೇವೆ: ಓಟಿನ ಯಂತ್ರ ಹೊತ್ತು ಆ ಬೆಟ್ಟ ಹತ್ತಿದ ಸರ್ಕಾರಕ್ಕೆ ಔಷಧಿ ಹೊತ್ತು ಹತ್ತಲು ಏನು ಅಡ್ಡಿ ಇತ್ತು? 2025ರ ಏಪ್ರಿಲ್ 24ರಂದು ಇಡೀ ಮಂತ್ರಿಮಂಡಲವೇ ಮಾದಪ್ಪನ ಬೆಟ್ಟದಲ್ಲಿ ಕೂತು ಸಭೆ ಮಾಡಿತು. ಅಲ್ಲಿಂದ ಇಂಡಿಗನತ್ತಕ್ಕೆ ಒಂದು ಚಾರಣ ಹೋಗಿದ್ದರೆ ಚೆನ್ನಾಗಿರುತ್ತಿತ್ತು.

ಈಗ ಚಾರಣಕ್ಕೂ ಸರ್ಕಾರದ ಲೆಕ್ಕ ಬಂದಿದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ ಮೇಲೆ ಸರ್ಕಾರ ಚಾರಣಗಳಿಗೆ ಕಡಿವಾಣ ಹಾಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಅನ್ನುವ ಜಾಲತಾಣ ತೆರೆದು ಆನ್‌ಲೈನ್ ಟಿಕೆಟ್ಟು ಶುರು ಮಾಡಿತು. ಜನಕ್ಕೆ ಮಿತಿ ಹಾಕಿದ್ದು ಸರಿ. ಪ್ಲಾಸ್ಟಿಕ್ಕು, ಬಾಟಲಿ, ಹಾಡಿನ ಗದ್ದಲ ತಡೆಯುವುದೂ ಸರಿ. ಆದರೆ ಟಿಕೆಟ್ಟು ಮಾರುವ ಮುಂಚೆ ಯಾರನ್ನ ಕೇಳಿದಿರಿ? 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಸಮುದಾಯಕ್ಕೆ ಕಾಡನ್ನು ಬಳಸುವ, ಕಾಯುವ, ನಿರ್ವಹಿಸುವ ಹಕ್ಕು ಕೊಟ್ಟಿದೆ. ಆ ಅಧಿಕಾರವನ್ನು ಗ್ರಾಮಸಭೆಯ ಕೈಗೆ ಇಟ್ಟಿದೆ. 2011ರ ಅಕ್ಟೋಬರಿನಲ್ಲಿ ಬಿಳಿಗಿರಿಯ ಸೋಲಿಗರು ಹೋರಾಡಿ ಸಮುದಾಯದ ಹಕ್ಕುಪತ್ರ ಪಡೆದರು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಹಕ್ಕುಪತ್ರ ಇರುವ ಯಜಮಾನನನ್ನು ಕೇಳದೆ ಅವನ ಜಗಲಿಯನ್ನು ಬಾಡಿಗೆಗೆ ಕೊಡುವವರನ್ನು ಏನನ್ನಬೇಕು?

ನಮ್ಮ ಮಾತಿಗೆ ಎದುರು ಮಾತು ಮೂರು ಬರುತ್ತವೆ. ಮೂರಕ್ಕೂ ಉತ್ತರ ಹೇಳಿಬಿಡುತ್ತೇವೆ.

ಮೊದಲನೆಯದು: ಜನರನ್ನ ದೂರ ಇಟ್ಟರೇ ಕಾಡು ಉಳಿಯೋದು. ಹಾಗಾದರೆ ಬಿಳಿಗಿರಿಯ ಕಾಡೊಳಗೆ ಒಂದು ಸುತ್ತು ಬನ್ನಿ. ಲಂಟಾನದ ಪೊದೆ ಆಳೆತ್ತರ ನಿಂತು ಹುಲ್ಲನ್ನು ತಿಂದು ಹಾಕಿದೆ. ಸೋಲಿಗರ ಹಿರೀಕರು ಹೇಳುತ್ತಾರೆ: ಬೇಸಗೆ ಬಲಿಯುವ ಮುಂಚೆ ಒಣಎಲೆಗೆ ಸಣ್ಣಗೆ ತರಗುಬೆಂಕಿ ಹಾಕುತ್ತಿದ್ದೆವು, ಪೊದೆ ಬೆಳೆಯುತ್ತಿರಲಿಲ್ಲ, ದೊಡ್ಡ ಬೆಂಕಿಯೂ ಬೀಳುತ್ತಿರಲಿಲ್ಲ, ನಮ್ಮ ಬೆಂಕಿ ನಿಲ್ಲಿಸಿದಿರಿ, ಲಂಟಾನ ಬಂತು. ಸೋಲಿಗರೊಳಗಿಂದಲೇ ಬಂದ ಸಂಶೋಧಕ ಸಿ. ಮಾದೇಗೌಡರು ಮತ್ತು ಅವರ ಜೊತೆಗಾರರು ಇದನ್ನು ಶಾಸ್ತ್ರದ ಭಾಷೆಯಲ್ಲೂ ಬರೆದಿದ್ದಾರೆ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿ ವಿಷ ತಿಂದು ಸತ್ತವು. ಎದೆ ನಡುಗಿಸುವ ಸುದ್ದಿ ಅದು. ವಿಷ ಇಟ್ಟವರಿಗೆ ಶಿಕ್ಷೆ ಆಗಲಿ. ಆದರೆ ಆ ವಿಷದ ನೆಪದಲ್ಲಿ ಬೆಟ್ಟದ ದನಗಾಹಿಗಳೆಲ್ಲರನ್ನೂ ಕಳ್ಳರಂತೆ ನೋಡಬೇಡಿ. ದನ ಹುಲಿಯ ಬಾಯಿಗೆ ಹೋದಾಗ ಪರಿಹಾರದ ದುಡ್ಡು ಹೊತ್ತಿಗೆ ಕೈ ಸೇರಿದರೆ ದನದವನೇ ಹುಲಿಯ ಕಾವಲಿಗೆ ನಿಲ್ಲುತ್ತಾನೆ.

ಎರಡನೆಯದು: ಪ್ರವಾಸ ಬಂದರೆ ನಿಮಗೇ ಕೆಲಸ. ಯಾವ ಕೆಲಸ? ತಟ್ಟೆ ತೊಳೆಯೋದು, ಕಕ್ಕಸು ಬಳಿಯೋದು, ಗೇಟು ಕಾಯೋದು, ದಿನಗೂಲಿಯ ವಾಚರು. ಹುಲಿಯ ಹೆಜ್ಜೆ ನೋಡಿ ಅದು ಯಾವಾಗ ದಾಟಿತು ಅಂತ ಹೇಳುವ ಸೋಲಿಗ ಅಲ್ಲಿ ಹೆಲ್ಪರು. ಪುಸ್ತಕ ಓದಿ ಬಂದವನು ಪರಿಣತ. ಜೀತದ ಮನೆಯ ಹಟ್ಟಿ ಬಳಿದವರ ಮಕ್ಕಳಿಗೆ ರೆಸಾರ್ಟಿನ ನೆಲ ಬಳಿಯೋದು ಬಡ್ತಿ ಅಂತ ಹೇಳಬೇಡಿ.

ಮೂರನೆಯದು ನಮ್ಮವರೇ ಕೇಳುವ ಮಾತು. ಸಂಘಟನೆಯ ಹಿರಿಯರೊಬ್ಬರು ಮುಖಕ್ಕೇ ಕೇಳಿದರು: "ಏನ್ರಪ್ಪ, ಭೂಮಿ ಇಲ್ಲ, ಕೆಲಸ ಇಲ್ಲ, ಕೇರಿಗೆ ನೀರಿಲ್ಲ. ನಿಮ್ಗ ಬೆಟ್ಟ ಸುತ್ತೋದು ಒಂದು ಕೇಡಾ?" ಆ ಮಾತಿನ ಹಿಂದಿನ ಸಂಕಟಕ್ಕೆ ನಾವು ತಲೆಬಾಗುತ್ತೇವೆ. ಆದರೆ ಒಪ್ಪುವುದಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ಮಹಾಡಿನಲ್ಲಿ ಚವದಾರ್ ಕೆರೆಗೆ ನಡೆದರಲ್ಲ, ಅದೇನು ಬಾಯಾರಿಕೆಗೆ ನಡೆದದ್ದೆ? ದನ ಕುಡಿಯುವ ನೀರಿನ ತಾವಿಗೆ ಮನುಷ್ಯರು ನಡೆದು ಹೋಗಬಹುದು ಅಂತ ಕಾಲಿನಿಂದಲೇ ಸಾರಿದರು. ನಮ್ಮ ಚರಿತ್ರೆಯ ಅತಿ ದೊಡ್ಡ ಚಾರಣ ಅದು. ಬರೀ ನಮ್ಮಲ್ಲಲ್ಲ. 1932ರ ಏಪ್ರಿಲ್ 24ರಂದು ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರಿನ ದುಡಿಮೆಗಾರರ ಮಕ್ಕಳು, ನೂರಾರು ಮಂದಿ, ಕಿಂಡರ್ ಸ್ಕೌಟ್ ಅನ್ನುವ ಗುಡ್ಡಕ್ಕೆ ನುಗ್ಗಿದರು. ಜಮೀನ್ದಾರ ಡ್ಯೂಕ್ ಹಕ್ಕಿಬೇಟೆಗೆ ಮೀಸಲಿಟ್ಟ ಗುಡ್ಡ ಅದು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತು ವರ್ಷ. ಐವರು ಜೈಲಿಗೆ ಹೋದರು. 1949ರಲ್ಲಿ ಅಲ್ಲಿನ ಪಾರ್ಲಿಮೆಂಟು ಜನ ಗುಡ್ಡಗಾಡಿನಲ್ಲಿ ನಡೆದಾಡಲು ದಾರಿ ಮಾಡುವ ಕಾನೂನು ತಂದಿತು. ವಾರವಿಡೀ ಗಿರಣಿಯ ಹೊಗೆ ಕುಡಿದವನು ಭಾನುವಾರ ಗಾಳಿ ಕೇಳಿದ. ಅದು ಐಷಾರಾಮ ಆಗಿರಲಿಲ್ಲ. ಕೂಲಿಗೆ ಭಾನುವಾರವೇ ಇಲ್ಲದ ನಮ್ಮ ಸೀಮೆಯಲ್ಲಿ ಬಿಡುವಿನ ಹಕ್ಕೂ ಭೂಮಿಯ ಹಕ್ಕಿನ ಒಡಹುಟ್ಟು.

ಇನ್ನೊಂದು ಮಾತು ಹಿರಿಯರಿಗೆ. ಬೆಟ್ಟ ಸುತ್ತುವುದಕ್ಕೂ ಭೂಮಿಗೂ ಸಂಬಂಧ ಇಲ್ಲ ಅನ್ನಬೇಡಿ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಾಡಂಚಿನಲ್ಲಿ ಬಾಳಿದ ನಮ್ಮಂಥ ದಲಿತರಿಗೂ ಜಾಗ ಇದೆ: "ಇತರ ಪಾರಂಪರಿಕ ಅರಣ್ಯವಾಸಿಗಳು" ಅಂತ. ಆದರೆ ಷರತ್ತು ನೋಡಿ. 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ಬಾಳಿದ್ದಕ್ಕೆ ಪುರಾವೆ ಕೊಡಬೇಕು. ಲೆಕ್ಕ ಹಾಕಿ, 1930ಕ್ಕೆ ಹೋಗುತ್ತದೆ. 1930ರಲ್ಲಿ ಕೊಳ್ಳೇಗಾಲ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರಿಗೆ ಸೇರಿದ್ದು 1956ರಲ್ಲಿ. ಊರೊಳಗೆ ಕಾಲಿಡಲು ಬಿಡದಿದ್ದ ಕಾಲದಲ್ಲಿ ನಮ್ಮ ಮುತ್ತಾತನಿಗೆ ಯಾವ ಕಚೇರಿ ಕಾಗದ ಬರೆದುಕೊಟ್ಟಿತ್ತು? ಕಾಗದ ಇಲ್ಲ ಅಂತ ದೇಶದ ತುಂಬ ಅರ್ಜಿಗಳು ಕಸದ ಬುಟ್ಟಿ ಸೇರಿವೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಅರ್ಜಿ ತಿರಸ್ಕೃತರಾದವರನ್ನು ಎಬ್ಬಿಸಿ ಅಂತಲೇ ಹೇಳಿತ್ತು. ದೇಶದಲ್ಲಿ ಕೂಗೆದ್ದ ಮೇಲೆ ಅದೇ 28ಕ್ಕೆ ತಡೆ ಬಂತು. ಕತ್ತಿ ಮೇಲೆ ತೂಗಿದ ಆ ಹದಿನೈದು ದಿನ ಮರೆಯಬೇಡಿ.

ಆದರೆ ಅದೇ ಕಾಯ್ದೆಯ ನಿಯಮದಲ್ಲಿ ಒಂದು ಬಾಗಿಲು ತೆರೆದಿದೆ. ಸರ್ಕಾರಿ ಕಾಗದವೇ ಆಗಬೇಕೆಂದಿಲ್ಲ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ. ಹಳೇ ಬಾವಿ, ಹಾಳುಬಿದ್ದ ಗುಡಿಸಲ ತಳ, ಹೂಳಿದ ಜಾಗ, ಪೂಜೆಯ ಮರ, ನೀರಿನ ತಾವು, ದನ ಮೇಯಿಸಿದ ಬಯಲು, ಗೆಣಸು ಅಗೆದ ತಿಟ್ಟು, ಎಲ್ಲವೂ ಪುರಾವೆ. ಹಕ್ಕುದಾರ ಒಬ್ಬನ ಬಾಯಿಮಾತಿನ ಜೊತೆಗೆ ಇನ್ನೊಬ್ಬ ಹಿರಿಯರ ಮಾತು, ನೆಲದ ಗುರುತು ಎರಡೂ ಸೇರಿದರೆ ಅರ್ಜಿಗೆ ಬೆನ್ನೆಲುಬು ಬರುತ್ತದೆ. ಇದನ್ನೆಲ್ಲ ಆಫೀಸಿನ ಕುರ್ಚಿಯಲ್ಲಿ ಕೂತು ಬರೆಯೋಕೆ ಆಗದು. ಕಾಡಿಗೆ ಹೋಗಬೇಕು. ನಡೆಯಬೇಕು.

ಅದಕ್ಕೇ ನಾವು ಹೇಳುತ್ತಿರುವುದು: ಬೆಟ್ಟವನ್ನು ಅವರಿಗೇ ಬಿಟ್ಟುಕೊಡಬೇಡಿ. ಪಟ್ಟಣದವರು ಬರಬಾರದು ಅಂತ ನಾವು ಬೇಲಿ ಹಾಕುತ್ತಿಲ್ಲ. ಬೇಲಿ ಹಾಕಿಸಿಕೊಂಡು ನೊಂದವರು ನಾವು. ಬನ್ನಿ, ಆದರೆ ಕೇಳಿ ಬನ್ನಿ. ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ ಇಷ್ಟು:

ಗ್ರಾಮಸಭೆಯ ತೀರ್ಮಾನ ಇಲ್ಲದೆ ಯಾವ ದಾರಿಗೂ, ಯಾವ ಅಬ್ಬಿಗೂ ಟಿಕೆಟ್ಟು ಮಾರಕೂಡದು. ಮಾರಿದ ದುಡ್ಡಿನ ಪಾಲು ಗ್ರಾಮಸಭೆಯ ಖಾತೆಗೆ ಬರಬೇಕು, ಲೆಕ್ಕ ಪೋಡಿನ ಮುಂದೆ ಓದಬೇಕು. ದಾರಿ ತೋರುವ ಸ್ಥಳೀಯ ಹುಡುಗ ಹುಡುಗಿಯರಿಗೆ ದಿನಗೂಲಿ ಬೇಡ. ತಿಂಗಳ ಸಂಬಳ, ವಿಮೆ, ಭವಿಷ್ಯನಿಧಿ ಬೇಕು. ಬೋರ್ಡಿನ ಮೇಲೆ ಜಾಗದ ಅಸಲು ಹೆಸರು ಕನ್ನಡದಲ್ಲಿ ಇರಬೇಕು. ಯಾವುದು ದೇವರ ತಾವು, ಯಾವುದು ಕಲ್ಲುಗುಡಿ, ಎಲ್ಲಿ ಕಾಲಿಡಬಾರದು ಅನ್ನೋದನ್ನ ಸೋಲಿಗರೇ ಬರೆಸಬೇಕು. ಚಾರಣದ ದಾರಿ ಹಸನು ಮಾಡುವ ಮುಂಚೆ ಬೆಟ್ಟದೂರುಗಳ ಆಸ್ಪತ್ರೆಯ ದಾರಿ ಆಗಬೇಕು. ಪರಿಶಿಷ್ಟ ಜಾತಿ, ಪಂಗಡದ ಹಾಸ್ಟೆಲಿನ ಮಕ್ಕಳನ್ನು ವರ್ಷಕ್ಕೊಮ್ಮೆ ಸರ್ಕಾರದ ಖರ್ಚಿನಲ್ಲಿ ಈ ಬೆಟ್ಟಗಳಿಗೆ ಕರೆದೊಯ್ಯಬೇಕು. ಕಲಿಸುವ ಮೇಷ್ಟ್ರು ಆ ದಿನ ಸೋಲಿಗರ ಹಿರೀಕರೇ ಆಗಬೇಕು.

ಇದು ಸರ್ಕಾರಕ್ಕೆ ಹೇಳಿದ್ದು. ನಮಗೆ ನಾವು ಹೇಳಿಕೊಳ್ಳಬೇಕಾದ್ದೂ ಉಂಟು. ಕೊಳ್ಳೇಗಾಲದ ಕಾಲೇಜಿನಲ್ಲಿ ಓದುವ ಗೆಳೆಯರೆ, ಹಳ್ಳಿಶಾಲೆಯ ಮೇಷ್ಟರುಗಳೆ, ಹಾಸ್ಟೆಲಿನ ತಂಗಿಯರೆ, ರಜೆಯ ಒಂದು ದಿನ ಎತ್ತಿಡಿ. ಪೋಡಿನ ಯಜಮಾನರನ್ನು ಮುಂಚೆಯೇ ಕಂಡು ಒಪ್ಪಿಗೆ ಕೇಳಿ. ಗೇಟಿನಲ್ಲಿ ಕೇಳಿದರೆ ತೋರಿಸಲು ಗ್ರಾಮಸಭೆಯ ಕಾಗದ ಇಟ್ಟುಕೊಳ್ಳಿ. ಬುತ್ತಿಗೆ ರಾಗಿಮುದ್ದೆ ಉಪ್ಪೆಸರು ಸಾಕು. ಕ್ಯಾಮೆರಾ ಇದ್ದರೆ ತನ್ನಿ, ನೋಟ್‌ಬುಕ್ಕಂತೂ ಬೇಕೇ ಬೇಕು. ನಡೆಯಲು ಆಗುವ ಒಬ್ಬ ಅಜ್ಜಿಯನ್ನೋ ತಾತನನ್ನೋ ಮುಂದೆ ಬಿಟ್ಟುಕೊಳ್ಳಿ. ಅವರು ನಿಂತ ಕಡೆ ನಿಲ್ಲಿ. "ಇಲ್ಲಿ ನಮ್ಮ ರಾಗಿ ಹೊಲ ಇತ್ತು" ಅಂದರೆ ಬರೆದುಕೊಳ್ಳಿ. "ಈ ಬಾವೀಲಿ ನೀರು ಸೇದ್ತಿದ್ದೋ" ಅಂದರೆ ಬರೆದುಕೊಳ್ಳಿ. "ಇಲ್ಲೇ ನಮ್ಮವ್ವನ್ನ ಹೂತಿರೋದು ಮೊಗ" ಅಂದರೆ ಟೋಪಿ ತೆಗೆದು ನಿಂತು ಬರೆದುಕೊಳ್ಳಿ. ತಾರೀಖು ಹಾಕಿ, ಹೆಬ್ಬೆಟ್ಟು ಒತ್ತಿಸಿ, ಇನ್ನಿಬ್ಬರ ಸಾಕ್ಷಿ ಹಾಕಿಸಿ, ಅರಣ್ಯ ಹಕ್ಕು ಸಮಿತಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ನಿಮ್ಮ ಬಳಿಯೇ ಇರಲಿ.

ಅವರು ಬೆಟ್ಟದಿಂದ ಫೋಟೊ ತರುತ್ತಾರೆ. ನಾವು ಪುರಾವೆ ತರೋಣ. ಕೆರ ಮೆಟ್ಟಿಕೊಂಡೇ ಹೋಗೋಣ.